ಬಿಳಿ ಹಿನ್ನೆಲೆ

ಏಪ್ರಿಲ್ ಮುಗಿಯುತ್ತ ಬಂತು, ಹೂಮಳೆ ಬಿದ್ದಿಲ್ಲ.
ಮಡಿಕೇರಿಯಲ್ಲೂ ಈಗ ಫ್ಯಾನ್ ಮಾರುತ್ತಾರೆ,
ನನ್ನ ಸ್ಟುಡಿಯೋ ಪಕ್ಕದ ಕೊಡೆ ಅಂಗಡಿಯಲ್ಲೇ.

ಇಲಾಖೆಯ ಕ್ಯಾಲೆಂಡರಿಗೆ ರಾಜಾಸೀಟಿನ ಹನ್ನೆರಡು ಚಿತ್ರ ಬೇಕಂತೆ.
"ಎಲ್ಲ ಹಸಿರಾಗಿರಲಿ, ಒಂಚೂರು ಮಂಜೂ ಇರಲಿ"
ಎಂದರು ಸಾಹೇಬರು,
ಮೇಜಿನ ಮೇಲಿನ ನೀರಿನ ಲೋಟಕ್ಕೆ ಮುಚ್ಚಳ ಹಾಕುತ್ತ.

ಹೋದೆ. ಬೆಳಗಿನ ಆರೂವರೆಗೇ ಹೋದೆ.
ಹುಲ್ಲುಹಾಸು ಹಳೇ ಗೋಣಿತಾಟಿನ ಬಣ್ಣ.
ಡೇಲಿಯಾಗಳು ಕತ್ತು ಚೆಲ್ಲಿವೆ,
ಮದುವೆ ಮುಗಿದ ಚಪ್ಪರದಲ್ಲಿ ನಿದ್ದೆಹೋದ ಮಕ್ಕಳ ಹಾಗೆ.
ಸಾಲ್ವಿಯಾದ ಕೆಂಪು ಇದೆ; ಮುಟ್ಟಿದರೆ
ಸರಕ್ಕೆಂದು ಉದುರುತ್ತದೆ.
ಕಾರಂಜಿಯ ತೊಟ್ಟಿಯಲ್ಲಿ ಒಂದು ಚಪ್ಪಲಿ,
ಎರಡು ನಾಣ್ಯ, ಒಂದು ಓತಿ.
ಕಾಗದದ ಹೂ ಮಾತ್ರ ನಾಚಿಕೆಯಿಲ್ಲದೆ ಅರಳಿದೆ,
ಒಣಗುವುದನ್ನೇ ಗೊಬ್ಬರ ಮಾಡಿಕೊಂಡು.

ಬಗ್ಗಿದೆ, ಮಂಡಿಯೂರಿದೆ, ಎಲೆಸಂದಿಯಿಂದ ಇಣುಕಿದೆ.
ಹತ್ತಿರ ಹೋದಷ್ಟೂ ಧೂಳು,
ದೂರ ಸರಿದಷ್ಟೂ ಬಯಲು.
ನಲವತ್ತು ಸಲ ಒತ್ತಿರಬೇಕು ಗುಂಡಿ,
ತೋಟ ನನ್ನ ಕಡೆ ತಿರುಗಿ ನೋಡಲಿಲ್ಲ.

ಒಂದು ಕಾಲಕ್ಕೆ ಇದೇ ಕಟ್ಟೆಯ ಮೇಲೆ
ಹೊಸ ಜೋಡಿಗಳನ್ನು ಕೂರಿಸಿ "ಇನ್ನೂ ಹತ್ತಿರ" ಅನ್ನುತ್ತಿದ್ದೆ.
ಮಂಜು ಬಂದು ಅವರನ್ನು ಅಳಿಸುವ ಮೊದಲು ಒತ್ತಬೇಕಿತ್ತು.
ಈಗ ಅವರವರ ಕೈ ಅವರವರಿಗೆ ಉದ್ದ.

ಕಟ್ಟೆಯಾಚೆ, ಕಣಿವೆ ಇರಬೇಕಾದಲ್ಲಿ, ಬರೀ ಬೆಳ್ಳಗೆ.
ಮಂಜಲ್ಲ. ಯಾವುದೋ ಬೆಟ್ಟದ ಹುಲ್ಲು ಉರಿದ ಹೊಗೆಗೆ
ಸೆಕೆಯನ್ನೂ ಧೂಳನ್ನೂ ಕಲೆಸಿ ಬಳಿದ ಸುಣ್ಣ.
ಮಂಗಳೂರು ರಸ್ತೆ ಕೆಳಗೆಲ್ಲೋ ಹಾರ್ನ್ ಹೊಡೆಯುತ್ತಿದೆ,
ಕಾಣುವುದಿಲ್ಲ.
"ಇದೇ ಮಂಜು, ನೋಡು" ಎಂದು ತೋರಿಸಿದ ಒಬ್ಬ ಅಪ್ಪ.
"ಮತ್ಯಾಕೆ ಕಣ್ಣುರಿಯುತ್ತೆ?" ಎಂದಿತು ಮಗು.
ಕುಟ್ರು ಹಕ್ಕಿ ಎಲ್ಲೋ ಕೂತು ಕುಟ್ರೂ ಕುಟ್ರೂ,
ಕೊಟ್ಟ ಕೈಸಾಲ ನೆನಪಿಸುವವನ ಹಾಗೆ, ಒಂದೇ ಮಾತು.

ಆಗ ಲೋಲಾಕ್ಷಿ ಬಂದರು,
ಕ್ಯಾಂಟೀನಿನ ಲೋಟ ತೊಳೆದ ನೀರು, ಎರಡು ಕೊಡ.
ಹೂವಿಗಲ್ಲ, ಬುಡಕ್ಕೆ; ಎಲ್ಲ ಬುಡಕ್ಕೂ ಅಲ್ಲ.
"ಇದು ಬದುಕ್ತದೆ. ಇದು ಇಲ್ಲ. ಇದು... ನೋಡುವ."
ನನ್ನ ಕಡೆ ತಿರುಗಿ, ಅದೇ ದನಿಯಲ್ಲಿ:
"ನಂದೊಂದು ಫೋಟೋ ಬೇಕಿತ್ತು ಮಾರ್ರೆ.
ಚೆಂದದ್ದಲ್ಲ. ಅರ್ಜಿಗೆ ಅಂಟಿಸುವಂಥದ್ದು.
ಹದಿನೇಳು ವರ್ಷ ಆಯ್ತು ದಿನಗೂಲಿ, ಈ ಸಲ ಕಾಯಂ ಮಾಡ್ತಾರಂತೆ.
ಹಿಂದೆ ಬಿಳಿ ಇರಬೇಕಂತೆ,
ಗಿಡ ಹೂವು ಎಂಥದ್ದೂ ಕಾಣಬಾರದಂತೆ."

ಕಟ್ಟೆಗೆ ಬೆನ್ನು ಮಾಡಿ ನಿಲ್ಲಿಸಿದೆ.
ಬೆಳಗಿನಿಂದ ನನ್ನ ಒಂದೊಂದು ಚಿತ್ರವನ್ನೂ ಕೆಡಿಸಿದ ಆಕಾಶ
ಅವರ ಕಿವಿಗಳ ಎರಡೂ ಬದಿಗೆ ಬಂದು ನಿಂತಿತು,
ಸ್ಟುಡಿಯೋದ ಪರದೆಗಿಂತ ನೀಟಾಗಿ,
ಒಂದು ಮಡಿಕೆಯಿಲ್ಲದೆ, ಒಂದು ನೆರಳಿಲ್ಲದೆ.

"ನಗಬೇಕಾ?"
"ಬೇಡ. ಅರ್ಜಿಯಲ್ಲಿ ನಗಬಾರದು."
ಸೆರಗಿನಿಂದ ಮುಖ ಒರೆಸಿಕೊಂಡರು. ಕೆನ್ನೆಗೆ ಮಣ್ಣು ಬಂತು.
ನಾನು ಹೇಳಲಿಲ್ಲ.
ಒತ್ತಿದೆ, ಒಂದೇ ಸಲ.

ಕ್ಯಾಲೆಂಡರಿಗೆ ಹೋದ ವರ್ಷದ ಸೆಪ್ಟೆಂಬರಿನ ಚಿತ್ರಗಳನ್ನು ಕೊಟ್ಟೆ.
ಸಾಹೇಬರಿಗೆ ಖುಷಿ: "ನೋಡಿ, ಮನಸ್ಸು ಮಾಡಿದರೆ ಸಿಗುತ್ತದೆ."

ಸಂಜೆ, ಲೋಲಾಕ್ಷಿಯ ಎಂಟು ಪ್ರತಿ ತೆಗೆಯುವ ಮೊದಲು
ಅನ್ಸಾರ್ ಪರದೆಯ ಹತ್ತಿರ ಮುಖ ತಂದು ಕೇಳಿದ,
"ಅಣ್ಣ, ಕೆನ್ನೆ ಮೇಲಿನ ಕಲೆ ಅಳಿಸ್ಲಾ?"

ಬಿಡು, ಎಂದೆ.

ಪಕ್ಕದಂಗಡಿಯಲ್ಲಿ ಯಾರಿಗೋ
ಫ್ಯಾನು ತಿರುಗಿಸಿ ತೋರಿಸುತ್ತಿದ್ದರು.
ಸೂರಿಗೆ ತೂಗುಹಾಕಿದ ಕೊಡೆಗಳೆಲ್ಲ
ಮೆಲ್ಲಗೆ ಅಲ್ಲಾಡುತ್ತಿದ್ದವು.